ಎಡಗಿವಿ ಮುಚ್ಚಿದ ಇಪ್ಪತ್ತೊಂದು ದಿನ

1986ರ ಜನವರಿ 31, ಶುಕ್ರವಾರ. ನನ್ನ ಡೈರಿಯಲ್ಲಿ ಆ ದಿನದ ಕೆಳಗೆ ಹೀಗಿದೆ: "ಬೆಳಿಗ್ಗೆ ತಲೆಸ್ನಾನ. ಎಡಗಿವಿಗೆ ನೀರು ಹೋಗಿದೆ. ಸಂಜೆಗೆ ಸರಿಹೋಗುತ್ತೆ."

ಸಂಜೆಗೆ ಸರಿಹೋಗಲಿಲ್ಲ. ತಲೆ ಓರೆ ಮಾಡಿ ಒಂಟಿ ಕಾಲಲ್ಲಿ ಕುಣಿದೆ. ಅಂಗೈಯಿಂದ ಕಿವಿ ಒತ್ತಿ ಒತ್ತಿ ಬಿಟ್ಟೆ. ಒಂದು ಹನಿ ನೀರೂ ಬರಲಿಲ್ಲ. ಎಡಗಡೆಯ ಪ್ರಪಂಚವನ್ನೆಲ್ಲ ಯಾರೋ ಪಕ್ಕದ ಕೋಣೆಯಲ್ಲಿಟ್ಟು ಬಾಗಿಲು ಮುಂದೆ ಮಾಡಿದ ಹಾಗಿತ್ತು.

ಬೇರೆ ಯಾರಿಗಾದರೂ ಇದು ಸಣ್ಣ ವಿಷಯ. ನನಗೆ ಆಗ ಅಲ್ಲ. ವಿಜಯನಗರದ ಒಂದು ಇನ್‌ಸ್ಟಿಟ್ಯೂಟಿನಲ್ಲಿ ಎರಡು ವರ್ಷದಿಂದ ಕನ್ನಡ ಶಾರ್ಟ್‌ಹ್ಯಾಂಡ್ ಕಲಿಯುತ್ತಿದ್ದೆ. ಒಂದು ಸರ್ಕಾರಿ ಕಚೇರಿಯ ಸ್ಟೆನೋ ಕೆಲಸಕ್ಕೆ ಅರ್ಜಿ ಹಾಕಿ, ಬರವಣಿಗೆಯ ಪರೀಕ್ಷೆ ಪಾಸಾಗಿ, ಡಿಕ್ಟೇಷನ್ ಪರೀಕ್ಷೆಗೆ ಕಾರ್ಡು ಬಂದಿತ್ತು. ಫೆಬ್ರವರಿ 23, ಭಾನುವಾರ. ಏಳು ನಿಮಿಷ ಒಬ್ಬರು ಓದುತ್ತಾರೆ, ನಾವು ಬರೆದುಕೊಳ್ಳಬೇಕು, ಆಮೇಲೆ ಟೈಪ್ ಮಾಡಿ ಕೊಡಬೇಕು. ಒಂದು ಸಲ ಓದಿದ್ದನ್ನು ಇನ್ನೊಂದು ಸಲ ಓದುವುದಿಲ್ಲ. ಕೈ ಎಷ್ಟೇ ವೇಗವಾಗಿ ಓಡಿದರೂ ಕಿವಿ ಕೊಟ್ಟಿದ್ದನ್ನಷ್ಟೇ ಅದು ಬರೆಯುತ್ತದೆ.

ಡೈರಿಯೂ ಆ ಅಭ್ಯಾಸಕ್ಕಾಗಿಯೇ ಶುರುವಾದದ್ದು. ತಾರೀಖು, ಎಷ್ಟು ನಿಮಿಷ ಬರೆದೆ, ಎಷ್ಟು ತಪ್ಪು. ತಪ್ಪುಗಳನ್ನು ನಾಲ್ಕು ಗೀಟು, ಐದನೆಯದು ಅಡ್ಡಗೀಟು ಅಂತ ಎಣಿಸುತ್ತಿದ್ದೆ. ಜನವರಿಯ ಕೊನೆಯ ವಾರ: 5, 7, 4, 6. ಫೆಬ್ರವರಿ 1: 11. ಫೆಬ್ರವರಿ 4: 19. ಫೆಬ್ರವರಿ 6: 23.

ನಮ್ಮ ಮಾಸ್ಟರು ನನ್ನ ಪುಸ್ತಕ ಎತ್ತಿ ಎಲ್ಲರಿಗೂ ಕಾಣುವ ಹಾಗೆ ಹಿಡಿದರು. "ಏನಮ್ಮ ಪುಷ್ಪಾ, ಇದು ಶಾರ್ಟ್‌ಹ್ಯಾಂಡೋ, ಇರುವೆ ಇಂಕು ತುಳಿದು ಹೋಗಿರೋದೋ? ಗಂಡು ನೋಡೋಕೆ ಬಂದಿದ್ರಾ? ಮನಸ್ಸೇ ಇಲ್ಲ ಇಲ್ಲಿ."

ಹುಡುಗಿಯರು ನಕ್ಕರು. ನಾನೂ ನಕ್ಕೆ. ಕಿವಿ ಕೇಳಿಸುತ್ತಿಲ್ಲ ಅಂತ ಹೇಳಲಿಲ್ಲ. ಹೇಳದೆ ಇದ್ದದ್ದಕ್ಕೆ ಕಾರಣ ನಮ್ಮ ಮನೆಯಲ್ಲಿತ್ತು.

ನಮ್ಮಪ್ಪ ಬಟ್ಟೆ ಗಿರಣಿಯಲ್ಲಿ ಮಗ್ಗದ ವಿಭಾಗದಲ್ಲಿ ಇಪ್ಪತ್ತಾರು ವರ್ಷದಿಂದ ಕೆಲಸ ಮಾಡುತ್ತಿದ್ದರು. ಅಲ್ಲಿ ನೂರಾರು ಮಗ್ಗ ಒಟ್ಟಿಗೆ ಬಡಿಯುತ್ತವೆ. ಪಕ್ಕದಲ್ಲಿ ನಿಂತವರ ಜೊತೆಗೂ ಕೈಸನ್ನೆಯಲ್ಲೇ ಮಾತು. ಅಪ್ಪನ ಎರಡೂ ಕಿವಿ ಮಂದ. ಬಸವೇಶ್ವರನಗರದ ನಮ್ಮ ಬಾಡಿಗೆ ಪೋರ್ಷನ್ನಿನಲ್ಲಿ "ಕಾಫಿ ಬೇಕಾ" ಅಂದರೆ ಮುಂದಿನ ಪೋರ್ಷನ್ನಿನವರು "ಬೇಡ ರೀ, ಈಗಾಯ್ತು" ಅನ್ನುತ್ತಿದ್ದರು. ಅಷ್ಟು ಜೋರು ನಮ್ಮ ಸಂಸಾರ.

ಮೊದಲು ಕಂಡುಹಿಡಿದದ್ದು ಅಮ್ಮ. ಫೆಬ್ರವರಿ 6ರ ಸಂಜೆ ನಾನು ಅಕ್ಕಿ ಆರಿಸುತ್ತಿದ್ದೆ. ಎಡಗಡೆಯಿಂದ ಮೂರು ಸಲ ಕರೆದಳಂತೆ. ನಾಲ್ಕನೇ ಸಲಕ್ಕೆ ಬಂದು ಎದುರಿಗೆ ನಿಂತಳು.

"ಯಾಕೇ, ಕಿವುಡೇನೇ?"

ನಾನು ಅಕ್ಕಿಯ ಮೊರಕ್ಕೆ ತಲೆ ಬಗ್ಗಿಸಿದೆ. ಅಮ್ಮ ಕೈಯಲ್ಲಿದ್ದ ಸೌಟು ಕೆಳಗಿಟ್ಟಳು.

"ಅಯ್ಯೋ ನಿಂಗೂ ಬಂತಾ? ಇವರೊಬ್ಬರಿಗೆ ಕಿರುಚಿ ಕಿರುಚಿ ನನ್ನ ಗಂಟಲು ಹೋಗಿದೆ. ಇನ್ನೊಬ್ಬರಿಗೆ ಎಲ್ಲಿಂದ ತರಲಿ ಗಂಟಲು?"

ಅಂದವಳೇ ಅಳುವುದಕ್ಕೆ ಶುರು ಮಾಡಿದಳು. ಅಪ್ಪ ಹೊರಗಿನಿಂದ ಬಂದು ಏನಾಯಿತು ಅಂತ ಕೈಯಲ್ಲೇ ಕೇಳಿದರು. ಅಮ್ಮ ನನ್ನ ಎಡಗಿವಿ ತೋರಿಸಿ ಅಂಗೈ ಅಲ್ಲಾಡಿಸಿದಳು. ಅಪ್ಪ ಬಹಳ ಹೊತ್ತು ನನ್ನ ಕಿವಿಯನ್ನೇ ನೋಡಿದರು.

"ನಂಗೂ ಹೀಗೇ ಆಗಿದ್ದು. ಮೊದಲು ಎಡಗಡೆ" ಅಂದರು. "ಮೂರು ವರ್ಷ ಯಾರಿಗೂ ಹೇಳಲಿಲ್ಲ. ನೀನು ಮುಚ್ಚಿಡಬೇಡ ಕಣಮ್ಮ. ಶನಿವಾರ ಡಾಕ್ಟ್ರ ಹತ್ತಿರ ಹೋಗೋಣ."

ಆ ರಾತ್ರಿ ಡೈರಿಯಲ್ಲಿ ಒಂದೇ ಸಾಲು ಇದೆ: "ಇನ್ನು 17 ದಿನ."

ಕಿವಿ ಮೂಗು ಗಂಟಲಿನ ಡಾಕ್ಟರು ರಾಜಾಜಿನಗರದಲ್ಲಿ ಒಂದು ಮನೆಯ ಮಹಡಿಯ ಮೇಲೆ ಸೋಮವಾರ, ಗುರುವಾರ, ಶನಿವಾರ ಸಂಜೆ ಕೂರುತ್ತಿದ್ದರು. ಮರದ ಎರಡು ಬೆಂಚು, ಗೋಡೆಯಲ್ಲಿ ಸೀಳಿ ತೋರಿಸಿದ ಕಿವಿಯ ದೊಡ್ಡ ಚಿತ್ರ. ನಮಗೆ ಸಿಕ್ಕ ಟೋಕನ್ 14. ಕಾಂಪೌಂಡರು ಒಳಗಿನಿಂದಲೇ ನಂಬರು ಕೂಗುತ್ತಿದ್ದರು. ಕಿವಿ ಕೇಳಿಸದವರೇ ಕೂತಿರುವ ಜಾಗದಲ್ಲಿ ಹೀಗೆ ಕೂಗುವುದು ಯಾವ ಪದ್ಧತಿಯೋ. ಅಪ್ಪನಿಗೆ ಕೇಳುವುದಿಲ್ಲ. ನಾನು ಬಾಗಿಲಿಗೆ ಎಡಗಿವಿ ಕೊಟ್ಟು ಕೂತಿದ್ದೆ. 15 ಒಳಗೆ ಹೋಯಿತು, 16 ಹೋಯಿತು. ಮೂಗಿಗೆ ಬ್ಯಾಂಡೇಜು ಹಾಕಿಕೊಂಡಿದ್ದ ಒಬ್ಬ ಹೆಂಗಸು ನನ್ನ ಕೈಲಿದ್ದ ಬಿಲ್ಲೆ ನೋಡಿ ಮೊಣಕೈಯಿಂದ ತಿವಿದರು. "ನಿಮ್ದು ಯಾವಾಗ್ಲೋ ಕೂಗಿದ್ರಲ್ಲ ರೀ. ಇಬ್ಬಿಬ್ಬರು ಇದ್ದೀರಾ, ಒಬ್ಬರಿಗಾದ್ರೂ ಕೇಳಿಸ್ಬಾರ್ದಾ?"

ಅಪ್ಪ ನನ್ನ ಮುಖ ನೋಡಿದರು. ಏನೆಂದರು ಅಂತ ಅವರಿಗೆ ಕೇಳಿಸಿರಲಿಲ್ಲ. ನಾನು ಹೇಳಲೂ ಇಲ್ಲ.

ಡಾಕ್ಟರು ತೆಳ್ಳಗಿದ್ದರು, ಹಣೆಗೆ ದುಂಡನೆಯ ಕನ್ನಡಿ ಕಟ್ಟಿಕೊಂಡಿದ್ದರು. ಚಿಕ್ಕಂದಿನಲ್ಲಿ ಕಿವಿ ಸೋರುತ್ತಿತ್ತಾ ಅಂತ ಕೇಳಿದರು. ಇಲ್ಲ ಅಂದೆ. ಕಿವಿಗೆ ಕಡ್ಡಿ, ಹೇರ್‌ಪಿನ್ನು, ಬೇರೆ ಏನಾದರೂ ಹಾಕಿದ್ರಾ ಅಂದರು. ಇಲ್ಲ ಸಾರ್ ಅಂದೆ. ಕಬ್ಬಿಣದ ಕವೆಗೋಲಿನಂಥದ್ದನ್ನು ಮೊಣಕೈಗೆ ತಟ್ಟಿ ನನ್ನ ನೆತ್ತಿಯ ಮೇಲಿಟ್ಟರು. ಝೇಂ ಅನ್ನುವ ಸದ್ದು ಮುಚ್ಚಿದ ಎಡಗಿವಿಯಲ್ಲೇ ಜೋರಾಗಿ ಕೇಳಿಸಿತು. ಅದನ್ನು ಹೇಳಿದರೆ ದಡ್ಡಿ ಅಂದಾರು ಅಂದುಕೊಂಡೇ ಹೇಳಿದೆ.

"ಒಳ್ಳೇದಾಯ್ತು. ನರ ಚೆನ್ನಾಗಿದೆ. ಬರೀ ಗುಗ್ಗೆ. ಕಲ್ಲಾಗಿದೆ."

"ಗುಗ್ಗೆನಾ?"

"ಹೂಂ. ಈಗಲೇ ತೆಗೆಯೋಕೆ ಹೋದ್ರೆ ಗಾಯ ಆಗತ್ತೆ. ಮೊದಲು ನೆನೀಬೇಕು."

ಹೈಡ್ರೋಜನ್ ಪೆರಾಕ್ಸೈಡ್ ಬರೆದುಕೊಟ್ಟರು. ಅಂಗಡಿಯಿಂದ ತಂದದ್ದಕ್ಕೆ ಅಷ್ಟೇ ಕಾಯಿಸಿ ಆರಿಸಿದ ನೀರು ಬೆರೆಸಬೇಕು. ದಿನಕ್ಕೆ ಎರಡು ಸಲ, ನಾಲ್ಕು ಹನಿ, ಐದು ನಿಮಿಷ ಮಲಗಬೇಕು. ಮುಂದಿನ ಶನಿವಾರ ಬರಬೇಕು. ಚೀಟಿ ಬರೆಯುತ್ತಾ ಇನ್ನೂ ಏನೋ ಹೇಳಿದರು. ಅವರು ನನ್ನ ಎಡಗಡೆ ಇದ್ದರು. ತಿರುಗಿ ಕೇಳಲು ನಾಚಿಕೆಯಾಯಿತು.

ಮೆಟ್ಟಿಲಿಳಿಯುವಾಗ ಅಪ್ಪನ ಕಿವಿಗೆ ಬಾಯಿಟ್ಟು "ಗುಗ್ಗೆ ಅಂತೆ!" ಅಂತ ಕೂಗಿದೆ. ರಸ್ತೆಯಲ್ಲಿದ್ದವರೆಲ್ಲ ತಿರುಗಿದರು. ಅಪ್ಪ ನಕ್ಕರು, ಆದರೆ ಪೂರ್ತಿ ನಂಬಲಿಲ್ಲ ಅಂತ ನನಗೆ ಗೊತ್ತಾಯಿತು. ನಾನೂ ಪೂರ್ತಿ ನಂಬಿರಲಿಲ್ಲ.

ಫೆಬ್ರವರಿ 9, ಭಾನುವಾರ, ಬೆಳಿಗ್ಗೆ 7:10. ಮೊದಲ ಸಲ. ಪೆನ್ನಿಗೆ ಇಂಕು ತುಂಬುವ ಫಿಲ್ಲರನ್ನು ಹೊಸದಾಗಿ ತಂದು ಕುದಿಯುವ ನೀರಿನಲ್ಲಿ ತೊಳೆದಿಟ್ಟಿದ್ದೆ. ಹನಿ ಹಾಕಿದ್ದು ಅಪ್ಪ. ಕಡಿದ ನೂಲನ್ನು ಓಡುವ ಮಗ್ಗದ ಪಕ್ಕದಲ್ಲೇ ಗಂಟು ಹಾಕಿದ ಬೆರಳು, ಒಂದಿಷ್ಟೂ ನಡುಗುವುದಿಲ್ಲ. ನಾನು ಚಾಪೆಯ ಮೇಲೆ ಬಲಮಗ್ಗುಲಾಗಿ ಮಲಗಿದೆ, ಹೆಗಲ ಮೇಲೆ ಟವೆಲು. ಹನಿ ತಣ್ಣಗಿತ್ತು. ಒಂದು ಕ್ಷಣ ಏನೂ ಇಲ್ಲ. ಆಮೇಲೆ ದೋಸೆ ಕಾವಲಿಗೆ ನೀರು ಚಿಮುಕಿಸಿದ ಹಾಗೆ ತಲೆಯೊಳಗೆ ಚುರ್ ಅಂತ ಸದ್ದು. ಹದಿನೈದು ಸೆಕೆಂಡಿಗೆ ನಿಂತಿತು. ಅಪ್ಪ ಟೈಂಪೀಸ್ ಹಿಡಿದು ಎದುರಿಗೆ ಕೂತು ಪ್ರತಿ ನಿಮಿಷಕ್ಕೆ ಒಂದು ಬೆರಳು ಎತ್ತುತ್ತಿದ್ದರು. ಐದು ಬೆರಳಾದ ಮೇಲೆ ಎದ್ದು ಬಗ್ಗಿದೆ. ಬಿಳಿ ನೊರೆ ಟವೆಲಿನ ಮೇಲೆ ಇಳಿಯಿತು.

ಎಷ್ಟು ಹೊತ್ತು ಸದ್ದು ಬಂತು ಅಂತ ಡೈರಿಯಲ್ಲಿ ಬರೆದೆ. ಬರೆಯಲು ಯಾರೂ ಹೇಳಿರಲಿಲ್ಲ. ಎಣಿಸಲು ಏನಾದರೂ ಇದ್ದರೆ ಹೆದರಿಕೆ ಸ್ವಲ್ಪ ಸುಮ್ಮನಿರುತ್ತದೆ.

ಭಾನುವಾರ 15, 20. ಸೋಮವಾರ 40, 55. ಮಂಗಳವಾರ 80, 90. ಬುಧವಾರ 120, 130. ಗುರುವಾರ 140, 150.

ಸದ್ದು ಹೆಚ್ಚುತ್ತಾ ಹೋಯಿತು, ಕೇಳಿಸುವುದು ಕಡಿಮೆಯಾಗುತ್ತಾ ಹೋಯಿತು. ಬುಧವಾರದ ಹೊತ್ತಿಗೆ ಎಡಗಿವಿ ಪೂರ್ತಿ ಬಂದ್. ಮಾತಾಡಿದರೆ ನನ್ನ ಧ್ವನಿ ಕೊಡದೊಳಗಿಂದ ಬರುವ ಹಾಗೆ. ಚಕ್ಕುಲಿ ಕಡಿದರೆ ಕಲ್ಲು ಒಡೆದ ಸದ್ದು. ಇನ್‌ಸ್ಟಿಟ್ಯೂಟಿನಲ್ಲಿ ಆ ದಿನ ತಪ್ಪು 31. ಮಾಸ್ಟರು ಈ ಸಲ ತಮಾಷೆ ಮಾಡಲಿಲ್ಲ. ಎಲ್ಲರೂ ಹೋದ ಮೇಲೆ ಕೇಳಿದರು, "ಹುಷಾರಿಲ್ವೇನಮ್ಮ?" ಹೇಳಿಬಿಟ್ಟೆ. ಅವರು ತಲೆ ಕೆರೆದುಕೊಂಡರು. "ಮೊದಲೇ ಹೇಳ್ಬಾರ್ದಾ? ಇರುವೆ ಗಿರುವೆ ಅಂತ ಏನೇನೋ ಅಂದ್ಬಿಟ್ಟೆ."

ಅಮ್ಮನಿಗೆ ಆ ಬಾಟಲಿಯ ಮೇಲೆ ಮೊದಲಿಂದ ಅನುಮಾನ. "ಗಾಯದ ಮೇಲೆ ಹಾಕಿದ್ರೆ ಉರಿದು ನೊರೆ ಬರೋ ಔಷಧಿ ಅದು. ಕಿವಿಯೊಳಗಿನ ಪೊರೆ ತಿಂದುಹಾಕತ್ತೆ ಅಷ್ಟೆ. ನಿಲ್ಲಿಸು" ಅಂದಳು. ಅಪ್ಪ ಅವಳ ಬಾಯಿ ನೋಡಿಯೇ ಅರ್ಥ ಮಾಡಿಕೊಂಡು, "ಡಾಕ್ಟ್ರು ಒಂದು ವಾರ ಅಂದಿದ್ದಾರೆ, ಒಂದು ವಾರ" ಅಂದರು. ನಾನು ನಿಲ್ಲಿಸಲಿಲ್ಲ. ಆದರೆ ಆ ರಾತ್ರಿ ಬಲಗಿವಿಯನ್ನೂ ಬೆರಳಿನಿಂದ ಮುಚ್ಚಿ ನೋಡಿದೆ. ಅಪ್ಪ ದಿನವೂ ಇರುವ ಪ್ರಪಂಚ ಹೇಗಿದೆ ಅಂತ ತಿಳಿಯಬೇಕಿತ್ತು. ಎದುರಿಗೆ ಅಮ್ಮ ಪಾತ್ರೆ ಜೋಡಿಸುತ್ತಿದ್ದಳು, ಒಂದೂ ಸದ್ದು ಮಾಡದ ಪಾತ್ರೆಗಳನ್ನು. ಹತ್ತು ಎಣಿಸುವಷ್ಟರಲ್ಲಿ ಬೆರಳು ತೆಗೆದೆ.

ಫೆಬ್ರವರಿ 14, ಶುಕ್ರವಾರ: 0, 0. ಶನಿವಾರ ಬೆಳಿಗ್ಗೆ: 5. ಔಷಧಿಯ ಸತ್ವ ಹೋಯಿತು ಅಂದುಕೊಂಡೆ.

ಶನಿವಾರ ಅಪ್ಪನಿಗೆ ಮಧ್ಯಾಹ್ನದ ಪಾಳಿ. ಅಮ್ಮ ಬಂದಳು. ಟೋಕನ್ 9. ಈ ಸಲ ಬಾಗಿಲಿಗೆ ಬಲಗಿವಿ ಕೊಟ್ಟು ಕೂತೆ. ಡಾಕ್ಟರು ನೋಡಿ ತಲೆ ಅಲ್ಲಾಡಿಸಿದರು.

"ಒಳಗಡೆ ನೆಂದೇ ಇಲ್ಲ. ಮೇಲೆ ಮಾತ್ರ ಉಬ್ಬಿದೆ. ದಿನಾ ಹಾಕಿದ್ರಾ?"

ನಾನು ಡೈರಿ ತೆಗೆದು ಮೇಜಿನ ಮೇಲಿಟ್ಟೆ. ಅವರು ಕನ್ನಡಕ ಏರಿಸಿಕೊಂಡು ನೋಡಿದರು.

"ಇದೇನು, ಸೆಕೆಂಡು ಲೆಕ್ಕ?"

"ಹೌದು ಸಾರ್. ಸದ್ದು ಬಂದಷ್ಟು ಹೊತ್ತು."

"ಭಾನುವಾರ ಹದಿನೈದು. ಗುರುವಾರ ನೂರೈವತ್ತು. ಶುಕ್ರವಾರ ಸೊನ್ನೆ." ಅವರ ಬೆರಳು ಅಲ್ಲೇ ನಿಂತಿತು. "ಶುಕ್ರವಾರ ಏನಾಯ್ತು?"

"ಏನೂ ಇಲ್ಲ ಸಾರ್."

"ಏನೂ ಇಲ್ಲ ಡಾಕ್ಟ್ರೇ" ಅಂದಳು ಅಮ್ಮ. "ಶುಕ್ರವಾರ ಎಣ್ಣೆನೀರು, ಅಷ್ಟೆ."

"ಕಿವಿಗೂ ಎಣ್ಣೆ ಹಾಕಿದ್ರಾ?"

"ಕಿವಿಗೆ ಹಾಕದೆ ಎಣ್ಣೆನೀರಾಗತ್ತಾ? ಬೆಳ್ಳುಳ್ಳಿ ಹಾಕಿ ಕಾಯಿಸಿ ಎರಡೂ ಕಿವಿಗೆ ಬಿಟ್ಟು ಹತ್ತಿ ಇಡ್ತೀನಿ. ಹುಟ್ಟಿದಾಗಿಂದ ಪ್ರತಿ ಶುಕ್ರವಾರ."

ಡಾಕ್ಟರು ಪೆನ್ನು ಕೆಳಗಿಟ್ಟರು. ನನ್ನ ಕಡೆ ತಿರುಗಿದರು. "ಬೇರೆ ಏನಾದರೂ ಹಾಕಿದ್ರಾ ಅಂತ ಕೇಳಿದ್ದೆ ನಾನು."

ಕೇಳಿದ್ದರು. ನಾನು ಸುಳ್ಳು ಹೇಳಿರಲಿಲ್ಲ. ಔಷಧಿ, ಕಡ್ಡಿ, ಪಿನ್ನು, ಇವು ಹಾಕುವಂಥವು. ಶುಕ್ರವಾರದ ಎಣ್ಣೆ ನನಗೆ ಸೋಪಿನ ಹಾಗೆ, ಸ್ನಾನದ ಒಂದು ಭಾಗ. ಡೈರಿಯಲ್ಲಿ ಪ್ರತಿ ಹನಿಯ ಲೆಕ್ಕ ಇತ್ತು, ಎಣ್ಣೆಯ ಮಾತು ಒಂದು ಕಡೆಯೂ ಇರಲಿಲ್ಲ. "ತಲೆಸ್ನಾನ" ಅಂತ ಮಾತ್ರ ಬರೆದಿದ್ದೆ. ಪುಟ ತಿರುಗಿಸಿದೆ. ಕಿವಿ ಮುಚ್ಚಿದ ದಿನ ಶುಕ್ರವಾರ. ಫೆಬ್ರವರಿ 7 ಶುಕ್ರವಾರ, ಮಾರನೇ ದಿನವೇ ಇಲ್ಲಿಗೆ ಬಂದದ್ದು. ಅದಕ್ಕೇ ಮೊದಲ ಭಾನುವಾರ ಹದಿನೈದೇ ಸೆಕೆಂಡು.

"ಎಣ್ಣೆ ವಿಷ ಅಲ್ಲಮ್ಮ" ಅಂದರು ಡಾಕ್ಟರು, ಅಮ್ಮನ ಮುಖ ನೋಡಿ. "ಆದರೆ ಎಣ್ಣೆ ಮುಚ್ಚಿಕೊಂಡಿದ್ದರೆ ಈ ಹನಿ ಗುಗ್ಗೆಗೆ ತಾಕಲ್ಲ. ಮೇಲೆ ಹತ್ತಿ ಒತ್ತಿದಾಗೆಲ್ಲ ಗುಗ್ಗೆ ಒಳಗೆ ಹೋಗತ್ತೆ. ಇನ್ಮೇಲೆ ಎರಡೂ ಬೇಡ."

"ಇಪ್ಪತ್ಮೂರಕ್ಕೆ ಡಿಕ್ಟೇಷನ್ ಪರೀಕ್ಷೆ ಇದೆ ಸಾರ್" ಅಂದೆ. ಧ್ವನಿ ಎಷ್ಟು ಜೋರಾಯಿತೋ, ಹೊರಗಿನ ಬೆಂಚಿನಲ್ಲಿ ಮಾತು ನಿಂತಿತು. "ಮಧ್ಯೆ ಪೂರ್ತಿ ಮುಚ್ಚಿಹೋಯ್ತು."

"ಮುಚ್ಚಿಕೊಳ್ಳತ್ತೆ, ಹೆದರಬೇಡಿ ಅಂತ ಅವತ್ತೇ ಹೇಳಿದ್ನಲ್ಲ?"

ಅದು ನನ್ನ ಎಡಗಡೆ ಹೇಳಿದ ಮಾತು.

ದಿನಕ್ಕೆ ಮೂರು ಸಲ ಹಾಕಿ ಗುರುವಾರ ಬನ್ನಿ ಅಂದರು. ಪರೀಕ್ಷೆಗೆ ಮೂರು ದಿನ ಮುಂಚೆ. ಅವತ್ತೂ ನೆನೆದಿರದಿದ್ದರೆ ಬಲವಂತ ಮಾಡಲ್ಲ, ಪರೀಕ್ಷೆ ಮುಗಿಸಿಕೊಂಡೇ ಬನ್ನಿ ಅಂತಲೂ ಹೇಳಿದರು.

ಬಸ್ ಸ್ಟಾಪಿನಲ್ಲಿ ಮೂರು ಬಸ್ಸು ಬಿಟ್ಟೆವು, ಅಮ್ಮ ಹತ್ತಲಿಲ್ಲ. ಕೊನೆಗೆ ಸೆರಗಿನಿಂದ ಮುಖ ಒರೆಸಿಕೊಂಡು ಕೇಳಿದಳು.

"ನಾನೇ ಮಾಡಿದ್ನಾ?"

"ನೀನಲ್ಲಮ್ಮ. ಎಣ್ಣೆ ಹಾಕಿದ್ದು ನಾನು ಹೇಳಬೇಕಿತ್ತು."

"ನಮ್ಮಮ್ಮ ನಂಗೆ ಹಾಕಿದ್ಲು, ನಾನು ನಿಂಗೆ ಹಾಕ್ದೆ. ನನ್ನ ಕಿವಿ ಚೆನ್ನಾಗೇ ಇದೆಯಲ್ಲೇ." ಬಸ್ಸು ಬರುವ ಕಡೆ ಕತ್ತು ಚಾಚಿ, "ಪರೀಕ್ಷೆ ಹೋದ್ರೆ ನನ್ನ ತಲೆ ಮೇಲೆ ಬರತ್ತೆ ಅಷ್ಟೆ" ಅಂದಳು.

ಬಸ್ಸಿನಲ್ಲಿ ನನ್ನ ಬಲಗಡೆಗೆ ಬಂದು ಕೂತಳು. ಎಡಗಡೆ ಜಾಗ ಖಾಲಿ ಇತ್ತು.

ಭಾನುವಾರದಿಂದ ಬುಧವಾರದವರೆಗೆ ಹನ್ನೆರಡು ಸಲ, ಗುರುವಾರ ಬೆಳಿಗ್ಗೆ ಒಂದು ಸಲ. ಮಧ್ಯಾಹ್ನದ ಹನಿ ಅಮ್ಮನೇ ಹಾಕಿದಳು, ಬಾಟಲಿಯನ್ನು ದೂರದಲ್ಲಿ ಹಿಡಿದು, ಹಾಕುವಾಗ ತಾನೇ ಕಣ್ಣು ಮುಚ್ಚಿಕೊಂಡು. ಮೊದಲ ಸಲ ನಾಲ್ಕರಲ್ಲಿ ಎರಡು ಹನಿ ಕೆನ್ನೆಗೆ ಬಿತ್ತು. ಅದನ್ನು ಲೆಕ್ಕಕ್ಕೆ ಹಿಡಿಯದೆ ಮತ್ತೆ ಎರಡು ಹಾಕಿಸಿಕೊಂಡೆ. ಬುಧವಾರ ಸಂಜೆ ನೊರೆ ಬಿಳಿಯಾಗಿರಲಿಲ್ಲ, ಬೆಲ್ಲದ ಬಣ್ಣಕ್ಕೆ ತಿರುಗಿತ್ತು. ಶನಿವಾರ ಬೆಳಿಗ್ಗೆಯವರೆಗಿನದೂ ಸೇರಿ ಒಟ್ಟು 26 ಸಲ, 104 ಹನಿ.

ಫೆಬ್ರವರಿ 20, ಗುರುವಾರ, ಸಂಜೆ 6:40. ಅಪ್ಪ ಜೊತೆಗಿದ್ದರು. ಡಾಕ್ಟರು ಕಿವಿಗೆ ಬೆಳಕು ಬಿಟ್ಟು ನೋಡಿ "ಹೂಂ" ಅಂದರು. ಯಾವ ತರಹದ ಹೂಂ ಅಂತ ತಿಳಿಯದೆ ಕುರ್ಚಿಯ ಕೈ ಹಿಡಿದುಕೊಂಡೆ. ಕಾಂಪೌಂಡರು ಹೆಗಲಿಗೆ ರಬ್ಬರ್ ಹಾಳೆ ಹೊದಿಸಿ, ಕಿವಿಯ ಕೆಳಗೆ ಹಿಡಿಯಲು ಬಟ್ಟಲು ಕೊಟ್ಟರು. ಹಿತ್ತಾಳೆಯ ದೊಡ್ಡ ಪಿಚಕಾರಿ, ಉಗುರುಬೆಚ್ಚಗಿನ ನೀರು. ಮೊದಲ ಸಲಕ್ಕೆ ತಲೆಯೊಳಗೆ ಕಾರಂಜಿ ಬಿಟ್ಟ ಹಾಗಾಗಿ ಕೋಣೆ ಒಂದು ಸುತ್ತು ತಿರುಗಿತು. ಎರಡನೆಯದಕ್ಕೆ ನೀರು ಕಂದಾಗಿ ಬಂತು. ಮೂರನೆಯದಕ್ಕೆ ಏನೋ ಕಳಚಿಕೊಂಡ ಹಾಗಾಗಿ, ಬಟ್ಟಲಿಗೆ ಟಪ್ ಅಂತ ಬಿತ್ತು.

ಆ ಟಪ್ ನನಗೆ ಎಡಗಿವಿಯಲ್ಲಿ ಕೇಳಿಸಿತು.

ಹುರಿಗಡಲೆಯಷ್ಟು ದಪ್ಪ, ಕಪ್ಪು. ಡಾಕ್ಟರು ಚಿಮಟದಿಂದ ಬಿಡಿಸಿ ತೋರಿಸಿದರು. ನಡುವೆ ಒಂದು ಎಸಳು ಹತ್ತಿ. "ಯಾವ ಶುಕ್ರವಾರದ್ದೋ" ಅಂದರು.

ಎಲ್ಲ ಒಟ್ಟಿಗೆ ಬಂತು. ಫ್ಯಾನು, ಗಡಿಯಾರ, ಪಿಚಕಾರಿ ತೊಳೆಯುವ ನೀರು, ಕೆಳಗೆ ಸ್ಕೂಟರ್ ಒದೆಯುತ್ತಿದ್ದವರು. ನನ್ನ ಕೂದಲು ಕಿವಿಗೆ ತಾಕಿದರೂ ಸದ್ದು. ಎಲ್ಲವೂ ಅತಿಯಾಗಿತ್ತು. ಅಳು ಬಂತು. ನೋಯ್ತಾ ಅಂತ ಕಾಂಪೌಂಡರು ಕೇಳಿದರು. ಅವರು ಮೆಲ್ಲಗೆ ಕೇಳಿದ್ದರು.

ಏಳುವ ಮುಂಚೆ ನಾನು ಡಾಕ್ಟರಿಗೆ ಅಪ್ಪನನ್ನು ತೋರಿಸಿದೆ. ಅವರು ಅಪ್ಪನ ಎರಡೂ ಕಿವಿ ನೋಡಿ, ಕವೆಗೋಲು ಇಟ್ಟು, ಎಷ್ಟು ವರ್ಷ ಮಗ್ಗದಲ್ಲಿ ಅಂತ ಚೀಟಿಯಲ್ಲಿ ಬರೆದು ಕೇಳಿದರು. ಅಪ್ಪ "ಇಪ್ಪತ್ತಾರು" ಅಂದರು. "ಇದು ಗುಗ್ಗೆ ಅಲ್ಲ. ಸದ್ದಿಗೆ ನರ ಸವೆದಿದೆ. ಮಷಿನ್ ಹಾಕಿದರೆ ಸ್ವಲ್ಪ ಅನುಕೂಲ. ಹೋದದ್ದನ್ನ ವಾಪಸ್ ತರೋಕಾಗಲ್ಲ" ಅಂತ ಡಾಕ್ಟರು ನನಗೆ ಹೇಳಿದರು. ನಾನು ಬರೆದು ತೋರಿಸುವ ಮೊದಲೇ ಅಪ್ಪ ಕೈ ಅಡ್ಡ ಹಿಡಿದರು.

"ನಂದು ಗೊತ್ತು ಸಾರ್. ಇವಳದು ನಂದರ ಹಾಗಲ್ಲ ತಾನೆ? ಅದೊಂದು ಹೇಳಿ."

ಡಾಕ್ಟರು ಅಪ್ಪನ ಕಣ್ಣೆದುರಿಗೆ ಬಂದು, ಬಾಯಿ ದೊಡ್ಡದು ಮಾಡಿ, "ಅಲ್ಲ" ಅಂದರು. ಅಪ್ಪ ಎರಡು ಕೈ ಜೋಡಿಸಿದರು.

ಶುಕ್ರವಾರ ಎಣ್ಣೆನೀರು ತಪ್ಪಲಿಲ್ಲ. ನೆತ್ತಿಗೆ ಒತ್ತಿದ ಅಮ್ಮನ ಕೈ ಕಿವಿಯ ಹತ್ತಿರ ಬಂದು ನಿಂತು, ಸೀರೆಗೆ ಒರೆಸಿಕೊಂಡು ವಾಪಸ್ ಹೋಯಿತು. ಆ ದಿನ ತಪ್ಪು 8, ಶನಿವಾರ 6.

ಇದನ್ನು ಬರೆಯಲು ಒಂದೇ ಕಾರಣ. ಕಿವಿ ಮುಚ್ಚಿಕೊಂಡ ಎಷ್ಟೋ ಜನ ನನ್ನ ಹಾಗೆ ಸುಮ್ಮನೆ ಕೂತಿರುತ್ತಾರೆ, ಮನೆಯಲ್ಲಿ ಒಬ್ಬರು ಕಿವುಡರಿದ್ದರೆ ಇನ್ನೂ ಸುಮ್ಮನೆ. ತೋರಿಸಿಕೊಳ್ಳಿ. ತೋರಿಸದೆ ಯಾವ ಹನಿಯನ್ನೂ ಹಾಕಿಕೊಳ್ಳಬೇಡಿ. ಡಾಕ್ಟರು ಏನು ಹಾಕಿದಿರಿ ಅಂತ ಕೇಳಿದಾಗ, ಲೆಕ್ಕಕ್ಕಿಲ್ಲ ಅಂದುಕೊಂಡದ್ದನ್ನು ಮೊದಲು ಹೇಳಿ.

ಭಾನುವಾರದ ಪರೀಕ್ಷೆ ಮೆಜೆಸ್ಟಿಕ್ ಹತ್ತಿರದ ಒಂದು ಸ್ಕೂಲಿನಲ್ಲಿ. ನಂಬರು ಹಾಕಿದ ಜಾಗದಲ್ಲೇ ಕೂರಬೇಕು. ನನ್ನದು ಬಲತುದಿಯ ಸಾಲಿನ ಕೊನೆಯ ಮೇಜು, ಬಲಗಿವಿಗೆ ಕಿಟಕಿ, ಕಿಟಕಿಯಾಚೆ ರಸ್ತೆ. ಓದುವವರು ಹಾಲಿನ ಎಡಮೂಲೆಯಲ್ಲಿ ಕನ್ನಡಕ ಒರೆಸುತ್ತಾ ನಿಂತಿದ್ದರು. ಅವರ ಧ್ವನಿ ಬರುವ ದಾರಿಯಲ್ಲಿ ಇದ್ದದ್ದು ನನ್ನ ಎಡಗಿವಿ ಒಂದೇ.

ಐದನೇ ನಿಮಿಷದಲ್ಲಿ ಕಿಟಕಿಯ ಕೆಳಗೆ ಎರಡು ಬಸ್ಸು ಎದುರುಬದುರಾಗಿ ಸಿಕ್ಕಿಹಾಕಿಕೊಂಡು ಹಾರ್ನ್ ಒತ್ತತೊಡಗಿದವು. ಓದುವವರು ನಿಲ್ಲಿಸಲಿಲ್ಲ, ಧ್ವನಿ ಏರಿಸಲೂ ಇಲ್ಲ. ನಾನು ತಲೆ ಒಂದಿಷ್ಟು ಬಲಕ್ಕೆ ತಿರುಗಿಸಿ, ಎಡಗಿವಿ ಅವರ ಕಡೆ ಕೊಟ್ಟು, ಅದು ಕೇಳಿದ್ದರ ಹಿಂದೆ ಕೈಯನ್ನು ಓಡಲು ಬಿಟ್ಟೆ. ಏಳು ನಿಮಿಷ ಮುಗಿದಾಗ ಖಾಲಿ ಬಿಟ್ಟ ಜಾಗ ಎರಡು.

ಮುಂದಿನ ಮೇಜಿನ ಹುಡುಗಿ ಹಿಂದೆ ತಿರುಗಿ ಪಿಸುಗುಟ್ಟಿದಳು. "ರೀ, ಬಸ್ಸು ಬಂದಾಗ ಏನಂದ್ರು? ಒಂದು ಸಾಲು ಪೂರ್ತಿ ಹೋಯ್ತು ನಂದು."

ಮೇಲ್ವಿಚಾರಕರು ಮೇಜು ತಟ್ಟಿದರು. ನಾನು ಉತ್ತರ ಕೊಡುವ ಹಾಗಿರಲಿಲ್ಲ. ಪುಸ್ತಕ ಎತ್ತಿಕೊಂಡು ಟೈಪ್‌ರೈಟರಿನ ಕೋಣೆಗೆ ನಡೆದೆ. ಆ ಸಾಲು ನನಗೆ ಕೇಳಿಸಿತ್ತು.

ಜೂನ್ 9, ಸೋಮವಾರ, ಕೆಲಸಕ್ಕೆ ಸೇರಿದೆ.